ಥಾಯ್ ದೆವ್ವದ ಬಾಯಿಗೆ ಕೂತ ಮಾತು

ದೆವ್ವಗಳನ್ನು ನಾನು ನಂಬಿದವನಲ್ಲ. ಬೇರೆ ಭಾಷೆಯ ಸಿನಿಮಾಗಳಿಗೆ ಕನ್ನಡದ ಮಾತು ಬರೆಯುವ ಕೆಲಸ ನನ್ನದು. ಎಷ್ಟೋ ದೆವ್ವಗಳ ಬಾಯಿಗೆ ನಾನೇ ಮಾತು ತುಂಬಿದ್ದೆ. ಅವುಗಳ ಬಗ್ಗೆ ಭಯ ಹೋಗಲಿ, ಕುತೂಹಲವೂ ಉಳಿದಿರಲಿಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದೂ ಇಲ್ಲ.

ಕೆಲವು ವರ್ಷಗಳ ಹಿಂದೆ ಹೊನ್ನಾಳಿಯಲ್ಲಿ ಥಾಯ್ಲೆಂಡಿನ ಒಂದು ಹಾಸ್ಯದ ದೆವ್ವದ ಸಿನಿಮಾಕ್ಕೆ ಡಬ್ಬಿಂಗ್ ನಡೆಯುತ್ತಿತ್ತು. ಸ್ಟುಡಿಯೋ ಎಂದರೆ ಗೋಡೆಗೆ ಹಳೇ ಹಾಸಿಗೆ ಬಡಿದ ಒಂದು ಕೋಣೆ. ಸದ್ದಾಗುತ್ತದೆಂದು ಫ್ಯಾನ್ ಹಾಕುವಂತಿರಲಿಲ್ಲ. ನ್ಯಾಮತಿಯಲ್ಲಿ ತೀರಿಹೋದ ಅಮ್ಮನ ಕಾರ್ಯ ಮುಗಿಸಿ ನೇರ ಅಲ್ಲಿಗೆ ಬಂದಿದ್ದೆ. ಮೈಮನಸ್ಸಿನಲ್ಲಿ ದಣಿವೊಂದು ಬಿಟ್ಟು ಬೇರೇನೂ ಇರಲಿಲ್ಲ.

ಆ ಸಿನಿಮಾ ತಯಾರಾದ ಬಗೆಯನ್ನು ತೋರಿಸುವ ತುಣುಕೂ ನಮ್ಮ ಬಳಿ ಇತ್ತು. ದೆವ್ವದ ಪಾತ್ರದ ಮುದುಕಿ ಸೊಂಟಕ್ಕೆ ತಂತಿ ಕಟ್ಟಿಸಿಕೊಂಡು ತೂಗಾಡುತ್ತಿದ್ದಳು. ಮುಖದ ಬಿಳಿ ಬಣ್ಣ ಬೆವರಿಗೆ ಇಳಿದು, ಅವಳೇ ಕಿಸಕ್ಕನೆ ನಗುತ್ತಿದ್ದಳು. ಕ್ಯಾಮೆರಾದವನು ನಗು ತಡೆಯಲಾರದೆ ಕುಸಿದು ಕೂತಿದ್ದ. ಅದನ್ನು ನೋಡಿದ ಮೇಲೆ ಯಾರು ತಾನೇ ಹೆದರುತ್ತಾರೆ?

ಮುದುಕಿಗೆ ದನಿ ಕೊಡುತ್ತಿದ್ದವರು ಜಗಳೂರಿನ ಶಾರದಮ್ಮ, ಹಳೇ ನಾಟಕ ಕಂಪನಿಯ ಕಲಾವಿದೆ. ಅವರಿಗೆ ಪರದೆ ಕಾಣುತ್ತಿತ್ತೇ ಹೊರತು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಹೊರಗೆ, ರೆಕಾರ್ಡಿಂಗ್ ಮಾಡುವ ನಾಗರಾಜನ ಪಕ್ಕ ಕೂತು ನಾನು ಮೈಕಿನ ಗುಂಡಿ ಒತ್ತಿ ಮಾತು ಹೇಳಿಕೊಡುತ್ತಿದ್ದೆ. ಅವರು ಒಳಗೆ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ನುಡಿಯುತ್ತಿದ್ದರು.

ಒಂದು ದೃಶ್ಯ ಮಾತ್ರ ಬಗ್ಗಲಿಲ್ಲ. ಮುದುಕಿ ಕಿಟಕಿಯೊಳಗೆ ತಲೆ ಹಾಕಿ ನಾಯಕನನ್ನು ಗದರುತ್ತಾಳೆ. ಮಧ್ಯಾಹ್ನವಾದರೂ ನನ್ನ ಯಾವ ಮಾತೂ ಆ ತುಟಿಗೆ ಹೊಂದಲಿಲ್ಲ.

"ಇದು ಬಾಯಿಗೆ ಕೂರಂಗಿಲ್ಲ ಮೇಷ್ಟ್ರೇ, ಬ್ಯಾರೆ ಹೇಳ್ರಿ," ಎಂದರು ಶಾರದಮ್ಮ.

ಬರೆದ ಹಾಳೆಗಳಲ್ಲಿ ಬೇರೆ ಮಾತು ಹುಡುಕತೊಡಗಿದೆ. ಅಷ್ಟರಲ್ಲಿ ಅವರ ದನಿ ಬಂತು: "ಮೆಂತ್ಯಾ, ಸಾಕು ಬಿಡೋ. ಉಂಡು ಮಲಕ್ಕೋ."

ತುಟಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಾಗರಾಜ ಚಪ್ಪಾಳೆ ತಟ್ಟಿ ನಕ್ಕ. ನಾನು ಮುಖ ಗಂಟಿಕ್ಕಿದಾಗಲೆಲ್ಲ ಅಮ್ಮ 'ಮೆಂತ್ಯಾ' ಎನ್ನುತ್ತಿದ್ದಳು. ಅವಳೊಬ್ಬಳೇ.

"ಯಾರು ಹೇಳಿದ್ರು ಅದನ್ನ?" ಎಂದೆ.

"ನೀವೇ ಅಲ್ಲೇನ್ರೀ ಕಿವ್ಯಾಗೆ ಹೇಳಿದ್ದು?" ಶಾರದಮ್ಮ ಗಾಬರಿಯಾದರು.

ನಾಗರಾಜನತ್ತ ತಿರುಗಿದೆ. "ಹೇಳಿದ್ರಲ್ಲ ಸರ್, ನಾನೂ ಕೇಳಿಸ್ಕಂಡೆ. ನಿಮ್ಮ ದನೀನೇ. ಯಾಕೆ, ಹುಷಾರಿಲ್ವಾ?"

ನಾನು ಬಾಯಿ ತೆರೆದಿರಲಿಲ್ಲ. ಮೈಕಿನ ಗುಂಡಿ ಒತ್ತಿರಲಿಲ್ಲ. ಅಥವಾ ಹಾಗೆಂದುಕೊಂಡಿದ್ದೇನೆ. ದಣಿದ ಮನಸ್ಸು ತನಗೇ ತಿಳಿಯದೆ ಮಾತಾಡಿಬಿಡಬಹುದು ಎಂದು ಚನ್ನಗಿರಿಯಲ್ಲಿ ಡಾಕ್ಟರಾಗಿರುವ ಗೆಳೆಯ ಆಮೇಲೆ ಹೇಳಿದ. ಇರಬಹುದು. ಆದರೆ ಶಾರದಮ್ಮ ಆ 'ಬಿಡೋ' ಎಂಬುದನ್ನು ಎಳೆದದ್ದು ಥೇಟ್ ಅಮ್ಮನ ಹಾಗೆ. ಅದನ್ನು ಯಾರು ಹೇಳಿಕೊಟ್ಟರು?

ಅವತ್ತು ಕೆಲಸ ನಿಲ್ಲಿಸಿದೆವು. ಶಾರದಮ್ಮ ತಮ್ಮ ಬುತ್ತಿ ಬಿಚ್ಚಿ, ಬೇಡವೆಂದರೂ ಬಿಡದೆ ರೊಟ್ಟಿ ಕೊಟ್ಟರು. ತಿಂದು ಆ ಸೆಕೆಯಲ್ಲೇ ನೆಲಕ್ಕೆ ಒರಗಿದವನಿಗೆ, ಅಮ್ಮ ಹೋದ ಮೇಲೆ ಮೊದಲ ಸಲ ನಿದ್ದೆ ಬಂತು.

ಆ ಮಾತು ಸಿನಿಮಾದಲ್ಲಿ ಹಾಗೇ ಉಳಿಯಿತು. ಜನ ಅಲ್ಲೇ ಹೆಚ್ಚು ನಗುತ್ತಾರಂತೆ. ನನಗೆ ಇನ್ನೂ ಅದನ್ನು ನೋಡಲು ಆಗಿಲ್ಲ.