ಭಾಗ್ಯ ತುಂಬಲಾಗದ ಅರ್ಜಿ

ಕೊರೊನಾ ಕಾಲ ಮುಗಿದ ಮರುವರ್ಷ ನಾನು ಯಾದವಗಿರಿಯ ಒಂದು ಸಣ್ಣ ವೆಬ್‌ಸೈಟ್ ಕಚೇರಿಯಲ್ಲಿ ಹಿರಿಯ ಡೆವಲಪರ್ ಆಗಿದ್ದೆ. ಖಾಸಗಿ ಬಿ.ಎಡ್. ಕಾಲೇಜೊಂದು ಪ್ರವೇಶದ ಅರ್ಜಿಯನ್ನು ಆನ್‌ಲೈನ್ ಮಾಡಿಕೊಡಿ ಎಂದು ಕೇಳಿತ್ತು.

ನನಗೆ ಟೂಲ್‌ಗಳ ಹುಚ್ಚು. ಪುಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂದು ಅಳೆಯಲು ಒಂದು, ಕೆಟ್ಟುಹೋದ ಲಿಂಕ್ ಹುಡುಕಲು ಇನ್ನೊಂದು. ಕಣ್ಣು ಕಾಣದವರೂ ಪುಟವನ್ನು ಬಳಸಬಹುದೇ ಎಂದು ಪರೀಕ್ಷಿಸಿ ನೂರಕ್ಕೆ ಅಂಕ ಕೊಡುವ ಟೂಲ್ ಕೂಡ ಇತ್ತು. ನಮ್ಮ ಅರ್ಜಿಗೆ ಅದು ತೊಂಬತ್ತಾರು ಕೊಟ್ಟಿತು. ಆ ವರದಿಯನ್ನು ಹೆಮ್ಮೆಯಿಂದ ಪ್ರಾಂಶುಪಾಲರ ಮೇಜಿನ ಮೇಲಿಟ್ಟು ಬಂದೆ. ಜನ್ಮ ದಿನಾಂಕಕ್ಕೆಂದು ಉಚಿತವಾಗಿ ಸಿಗುವ ಕ್ಯಾಲೆಂಡರ್ ಒಂದನ್ನು ಜೋಡಿಸಿದ್ದೆ. ತಪ್ಪು ದಿನಾಂಕ ಬೀಳದಿರಲಿ ಎಂದು ಅಲ್ಲಿ ಟೈಪ್ ಮಾಡಲು ಬಿಟ್ಟಿರಲಿಲ್ಲ.

ಅರ್ಜಿ ಹಾಕುವ ಕೊನೆಯ ದಿನಕ್ಕೆ ಒಂದು ದಿನ ಮುಂಚೆ, ಮಧ್ಯಾಹ್ನ, ಕಚೇರಿಗೆ ಫೋನ್ ಬಂತು. ಬೋಗಾದಿಯಿಂದ ಭಾಗ್ಯ ಎಂಬ ಹುಡುಗಿ. ಹುಟ್ಟಿನಿಂದಲೇ ದೃಷ್ಟಿಯಿಲ್ಲ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಿದ್ದಳು.

"ಮೇಡಂ, ಜನ್ಮ ದಿನಾಂಕದ ಹತ್ರ ನಿಂತ್ಬುಟ್ಟಿದೆ. ಎಷ್ಟು ಸಲ ಒತ್ತಿದ್ರೂ ಖಾಲಿ ಅಂತಾನೇ ಹೇಳ್ತದೆ."

ನಾನು ವರದಿ ತೆರೆದು ನೋಡಿದೆ. ಎಲ್ಲ ಕಡೆ ಹಸಿರು ಗುರುತು.

"ನಮ್ಮ ಕಡೆ ಎಲ್ಲ ಸರಿ ಇದೆಯಮ್ಮ. ನಿಮ್ಮ ಫೋನಿನದೇ ಏನೋ ತೊಂದರೆ. ಯಾರ ಕೈಲಾದ್ರೂ ತುಂಬಿಸಿಬಿಡಿ."

"ನನ್ನ ಅರ್ಜಿ ನಾನೇ ತುಂಬಣ ಅಂತ ಇತ್ತು ಮೇಡಂ," ಎಂದು ಅವಳು ಫೋನ್ ಇಟ್ಟಳು. ನಾನು ಬೇರೆ ಕೆಲಸಕ್ಕೆ ತಿರುಗಿದೆ.

ಮೂರು ವಾರದ ನಂತರ ಕಾಲೇಜಿನವರು ಅವಳ ದೂರಿನ ಪತ್ರವನ್ನು ನನಗೆ ಕಳಿಸಿದರು. ನನಗೆ ಫೋನ್ ಮಾಡಿದ ಮರುದಿನ ಅವಳು ತಾಯಿಯೊಂದಿಗೆ ಸೈಬರ್ ಸೆಂಟರಿಗೆ ಹೋಗಿದ್ದಳು. ಅಲ್ಲಿದ್ದವನು ಆತುರದಲ್ಲಿ ಹುಟ್ಟಿದ ವರ್ಷವನ್ನೇ ತಪ್ಪಾಗಿ ಆರಿಸಿದ್ದ. ಅಂಕಪಟ್ಟಿಗೆ ತಾಳೆಯಾಗದೆ ಅರ್ಜಿ ತಿರಸ್ಕೃತವಾಗಿತ್ತು.

ಅಂದು ಸಂಜೆಯೇ ಬೋಗಾದಿಗೆ ಹೋದೆ. ಹೊಸ ಬಡಾವಣೆಯ ಪಕ್ಕದಲ್ಲಿ ಎರಡು ಕೋಣೆಯ ಮನೆ. ಭಾಗ್ಯ ಫೋನ್ ತೆಗೆದು, ಅರ್ಜಿಯ ಪುಟ ತೆರೆದು, ಜನ್ಮ ದಿನಾಂಕದ ಪೆಟ್ಟಿಗೆಯನ್ನು ಒತ್ತಿದಳು. ಪರದೆಯ ಮೇಲೆ ಕ್ಯಾಲೆಂಡರ್ ಚೆಂದವಾಗಿ ಬಿಚ್ಚಿಕೊಂಡಿತು. ಅದನ್ನು ಓದಿ ಹೇಳಬೇಕಿದ್ದ ಫೋನ್ ಮಾತ್ರ ಆ ಸುದ್ದಿಯನ್ನೇ ಎತ್ತಲಿಲ್ಲ. ಅವಳ ಪಾಲಿಗೆ ಅಲ್ಲಿ ಕ್ಯಾಲೆಂಡರೇ ಇರಲಿಲ್ಲ. ಪೆಟ್ಟಿಗೆಗೆ ಹೆಸರಿದೆಯೇ ಎಂದಷ್ಟೇ ನನ್ನ ಟೂಲ್ ನೋಡಿತ್ತು. ಅದನ್ನು ತುಂಬಬಹುದೇ ಎಂದು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಅವಳ ತಾಯಿ ಬಾಗಿಲ ಬಳಿ ನಿಂತೇ ಹೇಳಿದರು: "ನಂಗೆ ಓದಕ್ ಬರಲ್ಲ, ಇವಳ್ಗೆ ಕಾಣಲ್ಲ. ಅವ್ನು ಏನ್ ಹಾಕ್ದ ಅಂತ ನಮ್ಗೆ ಎಂಗ್ ಗೊತ್ತಾದದು ಕಣಮ್ಮ?"

ಮರುದಿನ ಕಚೇರಿಗೆ ಹೋಗಿ ಕ್ಯಾಲೆಂಡರ್ ಕಿತ್ತುಹಾಕಿ, ದಿನ, ತಿಂಗಳು, ವರ್ಷಕ್ಕೆ ಮೂರು ಸಾದಾ ಪೆಟ್ಟಿಗೆಗಳನ್ನಿಟ್ಟೆ. ಇಪ್ಪತ್ತು ನಿಮಿಷದ ಕೆಲಸ. ತಪ್ಪು ನನ್ನದೆಂದು ಬರೆದುಕೊಂಡು ಪ್ರಾಂಶುಪಾಲರ ಬಳಿ ಹೋದೆ. ಅವರು ಓದಿ, ಬೇಸರದಿಂದಲೇ ಹೇಳಿದರು: "ಆಯ್ಕೆಯಾದವರ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಿಬಿಟ್ಟಿದೆ ಕಣಮ್ಮ. ಇನ್ನು ನನ್ನ ಕೈಲಿಲ್ಲ."

ಮುಂದಿನ ವರ್ಷ ಅರ್ಜಿ ಕರೆದಾಗ ಭಾಗ್ಯಳಿಗೆ ನಾನೇ ಫೋನ್ ಮಾಡಿದೆ. ಅಷ್ಟರಲ್ಲಿ ಅವಳು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದ್ದಳು. ಮನೆಗೆ ಆ ಸಂಬಳ ಬೇಕಿತ್ತು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಪುಟ ತೆರೆದು, ಮೊದಲಿಂದ ಕೊನೆಯವರೆಗೆ ತುಂಬಿ ನೋಡಿದಳು.

"ಈಗ ಸರಾಗವಾಗಿ ಹೋಗ್ತದೆ ಮೇಡಂ. ಮುಂದೆ ಬರೋರಿಗಾದ್ರೂ ಆಯ್ತಲ್ಲ, ಬುಡಿ."

ಅವಳು ಟೀಚರ್ ಆಗಲಿಲ್ಲ. ಟೂಲ್‌ಗಳನ್ನು ನಾನು ಈಗಲೂ ಬಳಸುತ್ತೇನೆ, ಹೊಸಬರಿಗೂ ಬಳಸಿ ಎನ್ನುತ್ತೇನೆ. ಆದರೆ ಯಾರಾದರೂ ಫೋನ್ ಮಾಡಿ 'ಆಗುತ್ತಿಲ್ಲ' ಎಂದರೆ ವರದಿಯನ್ನು ಮುಚ್ಚಿಟ್ಟು, ಅವರ ಮಾತು ಮುಗಿಯುವವರೆಗೂ ಕೇಳುತ್ತೇನೆ. ಇಷ್ಟು ಕಲಿಯಲು ಇನ್ನೊಬ್ಬಳ ಓದು ಹೋಗಬೇಕಾಯಿತು.