ಇಪ್ಪತ್ತಾರು ಕಿಲೋಮೀಟರ್ ಎಂದು ಬರೆದ ಪೋರ್ಟ್

ಮಂಗಳವಾರ, ರಾಮನಗರ. ಗೆಳೆಯರೇ, ನಮ್ಮ ಆಸ್ಪತ್ರೆಯ ಸ್ಕ್ಯಾನ್‌ಗಳ ಒಂದು ಪ್ರತಿ ಕೇಬಲ್ ಮೂಲಕ ಕನಕಪುರದ ಶಾಖೆಗೆ ಹೋಗುತ್ತದೆ. ಇಂದು ಅದು ಮೂರು ಗಂಟೆಯಷ್ಟು ತಡವಾಗಿ ಅಲ್ಲಿಗೆ ತಲುಪುತ್ತಿತ್ತು. ಈ ನಡುವೆ ಇಲ್ಲಿನ ಡಿಸ್ಕ್ ಕೆಟ್ಟರೆ ಬೆಳಗ್ಗೆ ಬಂದುಹೋದವರನ್ನೆಲ್ಲ ಮತ್ತೆ ಕರೆಸಿ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಬೇಕು.

ಕೇಬಲ್ ಎಷ್ಟು ದೂರ ಹೋಗುತ್ತದೆ ಎಂದು ಪ್ರತಿಗಳನ್ನು ಕಳಿಸುವ ಸ್ಟೋರೇಜ್ ಸ್ವಿಚ್ಚಿನ ಪೋರ್ಟಿಗೆ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗೆ, ಮೊದಲೇ ಹೇಳಬೇಕು. ಆ ಕಡೆಯ ಉತ್ತರಕ್ಕೆ ಕಾಯದೆ ಎಷ್ಟು ಕಳಿಸಬಹುದು ಎಂಬುದನ್ನು ಅದು ಆ ದೂರದಿಂದಲೇ ಲೆಕ್ಕ ಹಾಕುತ್ತದೆ; ದೂರ ಕಡಿಮೆ ಬರೆದರೆ ಸ್ವಲ್ಪವೇ ಕಳಿಸಿ ಕಾಯುತ್ತಾ ನಿಲ್ಲುತ್ತದೆ. ನಾನು ನಕ್ಷೆಯಲ್ಲಿ ರಸ್ತೆ ಅಳೆದು ಇಪ್ಪತ್ತಾರು ಕಿಲೋಮೀಟರ್ ಎಂದು ಬರೆದಿದ್ದೆ. ಕೇಬಲ್ ಹಾಕಿಸಿದ ಸಿದ್ದರಾಜು ಅವರನ್ನು ಕರೆಸಿ ಅದನ್ನು ತೋರಿಸಿದೆ. ಅವರು ನಕ್ಕರು.

"ಇದು ಬಸ್ ಹೋಗೋ ದಾರಿ ಸಾರ್. ಕೇಬಲ್ಲು ಚನ್ನಪಟ್ಟಣ ಸುತ್ಕಂಡು ಹೋಗೈತೆ."

"ಯಾಕೆ?"

"ಮಧ್ಯದಲ್ಲಿ ಒಬ್ರು, ಹಿಪ್ನೇರ್ಳೆ ತ್ವಾಟದ ಪಕ್ಕ ಅಗೀಬ್ಯಾಡಿ ಅಂತ ಜೆಸಿಬಿ ಮುಂದೆ ಕುಂತ್ಬುಟ್ರು."

"ನೀವು ಕೊಟ್ಟ ಕಾಗದದಲ್ಲಿ ಇದು ಇಲ್ಲವಲ್ಲ!"

"ಕಾಗದ ಅಗೆಯಾಕ್ ಮುಂಚೆ ಬರ್ದಿದ್ದು ಸಾರ್."

"ಹಾಗಾದರೆ ಐವತ್ತು ಹಾಕಲೇ?"

"ಅರವತ್ತು ಹಾಕಿ. ಒಂದೊಂದು ಗುಂಡೀಲೂ ಒಸಿ ಕೇಬಲ್ ಸುತ್ತಿ ಬುಟ್ಟಿದ್ದೀವಿ, ಎಲ್ಲಾದ್ರೂ ಕಿತ್ತೋದ್ರೆ ಎಳ್ಕಳಾಕೆ."

ದೂರ ಬದಲಿಸಲು ಪೋರ್ಟನ್ನು ಸ್ವಲ್ಪ ಹೊತ್ತು ಮುಚ್ಚಬೇಕು. ಸ್ಕ್ಯಾನ್ ಇಲ್ಲದ ಭಾನುವಾರ ಮುಚ್ಚಿ, ಅರವತ್ತು ಎಂದು ಬರೆಯುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿಯವರೆಗೆ ನಮ್ಮ ಸ್ವಿಚ್ಚು ಯಾರೂ ಅಗೆಯದ ದಾರಿಯೊಂದನ್ನು ನಂಬಿಕೊಂಡು ಕೆಲಸ ಮಾಡುತ್ತಿರುತ್ತದೆ.