ಯಾರ ಕಡಿಂದ ಬರಸ್ಕೊಂಡಿ?

ನಮ್ಮ ವಿಭಾಗದ ಸರ್ ಒಬ್ಬರು ಪ್ರತಿ ವರ್ಷವೂ ಅದೇ ನೋಟ್ಸ್ ಹೇಳಿ ಬರೆಸುತ್ತಿದ್ದರು. ಎಂ.ಎ. ಓದುವ ನಾವು ತಲೆ ತಗ್ಗಿಸಿ ಬರೆದುಕೊಂಡು, ಪರೀಕ್ಷೆಯಲ್ಲೂ ಸೆಮಿನಾರಿನಲ್ಲೂ ಅದನ್ನೇ ಅವರಿಗೆ ಒಪ್ಪಿಸುತ್ತಿದ್ದೆವು. ನನಗೆ ಒಳ್ಳೆಯ ಅಂಕ ಬಂದದ್ದೂ ಹಾಗೆಯೇ. ಅವರ ಮೇಲೆ ಈಗಿರುವ ಸಿಟ್ಟು ಆಗಲೇ ಇತ್ತು ಎಂದು ಬರೆಯಲು ಆಸೆ. ಇರಲಿಲ್ಲವೇನೋ.

ಸಿಟ್ಟು ಹುಟ್ಟಿದ್ದು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯ ವಿಷಯದಲ್ಲಿ. ನನಗಿಂತ ಒಂದು ವರ್ಷ ಹಿಂದಿನವಳು. ಬರೆಯುವುದನ್ನು ಕಲಿಸು ಎಂದು ತಾನೇ ಬಂದು ಕೇಳಿದಳು. ಜೇವರ್ಗಿ ಕಾಲೋನಿಯ ನನ್ನ ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದೆವು. ಮಾತಿಗೆ ನಿಂತರೆ ಮುಗಿಸದವಳು, ಪೆನ್ನು ಹಿಡಿದರೆ ‘ಭಾರತವು ಹಳ್ಳಿಗಳ ದೇಶ’ ಎಂದು ಬರೆದು ಕೂತುಬಿಡುತ್ತಿದ್ದಳು. ನನಗೆ ಗೊತ್ತಿದ್ದ ಪಾಠ ಒಂದೇ: ಮೊದಲು ನನಗೆ ಹೇಳು, ಆಮೇಲೆ ಹೇಳಿದ್ದನ್ನೇ ಬರಿ.

ಸೆಮಿನಾರಿಗೆ ಗ್ರಾಮೀಣ ಬದುಕಿನ ವಿಷಯ ಬಂತು. ಅವಳು ತಮ್ಮ ಹೊಲದ ಕೆಂಪು ಬಾಳೆಯ ಬಗ್ಗೆ ಬರೆಯುತ್ತೇನೆಂದಳು. ಒಂದು ಭಾನುವಾರ ನಾನೂ ಕಮಲಾಪುರಕ್ಕೆ ಹೋದೆ. ಅವಳು ಗಿಡಗಳ ನಡುವೆ ನಡೆಯುತ್ತ ಹೇಳಿದಳು, ನಾನು ‘ಆಮೇಲೆ?’ ಎನ್ನುತ್ತಿದ್ದೆ, ಅಷ್ಟೇ. ವಾರದೊಳಗೆ ಬರೆದು ತಂದಳು. ಗಾಳಿ ಎದ್ದರೆ ಅಪ್ಪ ಮೊದಲು ಗೊನೆಗೆ ಆಸರೆಯಾಗಿ ಕೊಟ್ಟ ಕೋಲುಗಳನ್ನು ನೋಡಿ, ಆಮೇಲೆ ಮಕ್ಕಳು ಒಳಗಿದ್ದಾರೋ ಎಂದು ನೋಡುತ್ತಾನೆ ಎಂಬ ಸಾಲಿಗೆ ನನಗೆ ನಗು ಬಂತು.

“ನಗಬ್ಯಾಡ ಅಕ್ಕಾ, ಖರೇನೇ ಅದ,” ಎಂದಳು.

ಅವಳು ಅದನ್ನು ಅದೇ ಸರ್‌ಗೆ ಕೊಡಲು ಹೋದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಸರ್ ಎರಡು ಹಾಳೆ ಓದಿ ತಲೆಯೆತ್ತಿದರು. “ಯಾರ ಕಡಿಂದ ಬರಸ್ಕೊಂಡಿ?”

ನೋಟ್ಸ್ ನೋಡಿ ಹೊಸದು ಬರೆದು ತರಬೇಕು, ಇಲ್ಲದಿದ್ದರೆ ಅಂಕವಿಲ್ಲ ಎಂದರು. ನಗುತ್ತ ಅಂದರೆಂದು ನನ್ನ ನೆನಪು. ನಗಲಿಲ್ಲ, ಬೇಸರದಿಂದ ಅಂದರು ಎನ್ನುತ್ತಾಳೆ ಅವಳು. ಆ ನಗುವನ್ನು ನನ್ನ ಸಿಟ್ಟೇ ಸೇರಿಸಿರಬಹುದು. ಪ್ರಶ್ನೆಯನ್ನು ಮಾತ್ರ ಸೇರಿಸಿಲ್ಲ. ಇಡೀ ಕ್ಲಾಸು ಒಂದೇ ಥರ ಬರೆದರೆ ಅದು ಅವರವರದು. ಒಬ್ಬಳು ತನ್ನ ಮನೆಯ ಮಾತು ಬರೆದರೆ ಅದು ಬೇರೆ ಯಾರದೋ!

ನಾನೇ ಒಳಗೆ ಹೋಗಿ ಹೇಳುತ್ತೇನೆಂದೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

“ನೀ ಬರಬ್ಯಾಡ. ನೀ ಬಂದು ಹೇಳಿದ್ರ ಅವರಂದದ್ದೇ ಖರೇ ಆಗ್ತದ.”

ಮರುದಿನ ಒಬ್ಬಳೇ ಹೋಗಿ, ಯಾವ ವಿಷಯವನ್ನಾದರೂ ಕೊಡಿ, ನಿಮ್ಮೆದುರೇ ಬರೆಯುತ್ತೇನೆ ಎಂದಳಂತೆ. “ದಿನಾ ಬಸ್ಸಿನ್ಯಾಗ ಬರ್ತಿ ಅಲ್ಲ, ಅದನ್ನೇ ಬರಿ,” ಎಂದರಂತೆ. ಅವಳು ಬರೆಯುವಷ್ಟು ಹೊತ್ತು ನಾನು ವರಾಂಡದಲ್ಲಿ ಹಲ್ಲು ಕಚ್ಚಿಕೊಂಡು ಅಡ್ಡಾಡಿದೆ.

ಹೊರಗೆ ಬಂದು ನಡೆದದ್ದನ್ನು ಹೇಳಿದಳು. ಸರ್ ಓದಿದರು, ಬಾಳೆಯ ಪ್ರಬಂಧವನ್ನೇ ಇಟ್ಟುಕೊಂಡು ಅಂಕ ಹಾಕಿದರು. ತಪ್ಪು ತಿಳಿದುಕೊಂಡೆ ಎಂಬ ಒಂದು ಮಾತಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ನಾನು ಅವರನ್ನು ಬೈದೆ. ಕ್ಷಮೆ ಕೇಳಿಸಬೇಕಿತ್ತು, ಹೆಡ್ ಹತ್ತಿರ ಹೋಗಬೇಕಿತ್ತು ಎಂದೆಲ್ಲ. ಅವಳು ಹೂಂ ಎನ್ನುತ್ತಿದ್ದಳು, ಕೇಳುತ್ತಿರಲಿಲ್ಲ.

“ಬರಿಯೋದ್ರಾಗ ಕಂಡಕ್ಟರಂದು ಲಗೂ ಮುಗಿಸಿಬಿಟ್ಟೆ ಅಕ್ಕಾ,” ಎಂದಳು ಕೊನೆಗೆ. “ಅಲ್ಲಿ ಇನ್ನೊಂದು ಮಾತು ಬರಬೇಕಿತ್ತು.”

ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಅಂದು ಕಮಲಾಪುರದ ಬಸ್ಸು ಬರುವವರೆಗೆ ಅವಳು ಆ ಮಾತನ್ನೇ ಹುಡುಕುತ್ತಿದ್ದಳು. ನಾನು ಬೈಯುವುದನ್ನು ಬಿಟ್ಟು ಪಕ್ಕದಲ್ಲಿ ನಿಂತೆ.